ಒಡೆದ ರಾಜ್ಯ, ಉಳಿದ ದೀಪ

ಕೊಟ್ಟ ಮಾತು ನಿಲ್ಲುವುದೆಂದರೆ ಏನರ್ಥ? ಮಾತನ್ನು ಪಡೆದವರು ತಪ್ಪಿ ನಡೆದರೆ, ಅದಕ್ಕೆ ಆಶ್ರಯವಾಗಿದ್ದ ರಾಜ್ಯವೇ ಒಡೆದುಹೋದರೆ, ಆಗಲೂ ಅದು ನಿಲ್ಲುವುದೆ? ಹೀಬ್ರೂ ಜನರ ಧರ್ಮಗ್ರಂಥಗಳಲ್ಲಿ, ಮುಖ್ಯವಾಗಿ ಸಮುವೇಲನ ಗ್ರಂಥದಲ್ಲಿಯೂ ಅರಸುಗಳ ಚರಿತ್ರೆಯಲ್ಲಿಯೂ, ಈ ಪ್ರಶ್ನೆಯು ಮತ್ತೆ ಮತ್ತೆ ತಲೆದೋರುವುದು. ಈ ಹೊತ್ತು ನಾವು ಅದನ್ನು ಕುರಿತು ಕೊಂಚ ವಿಚಾರಮಾಡೋಣ.

ದಾವೀದ ಅರಸನು ದೇವರಿಗಾಗಿ ಒಂದು ಮನೆಯನ್ನು, ಎಂದರೆ ದೇವಾಲಯವನ್ನು, ಕಟ್ಟಿಸಲು ಬಯಸಿದನು. ಆದರೆ ದೇವರೇ ದಾವೀದನಿಗೆ ಮನೆಯನ್ನು ಕಟ್ಟುವನೆಂದು ಪ್ರವಾದಿಯಾದ ನಾತಾನನು ತಿಳಿಸಿದನು. ಈ ಎರಡನೆಯ ಮನೆ ಕಲ್ಲುಮರಗಳದಲ್ಲ, ವಂಶದ್ದು. ಹೀಬ್ರೂ ಭಾಷೆಯ 'ಬಯಿತ್' ಎಂಬ ಒಂದೇ ಶಬ್ದವು ಮನೆಯನ್ನೂ ಮನೆತನವನ್ನೂ ಸೂಚಿಸುವುದು. ಸಂತತಿಯವರು ತಪ್ಪಿದರೆ ದಂಡನೆಯುಂಟು; ಕೃಪೆ ಮಾತ್ರ ತೊಲಗದು. ಇದೇ ಆ ವಾಗ್ದಾನದ ಸಾರ.

ದಾವೀದನ ಮಗನಾದ ಸೊಲೊಮೋನನು ದೇವಾಲಯವನ್ನು ಕಟ್ಟಿಸಿದನು; ಬಿಟ್ಟಿ ದುಡಿಮೆಯಿಂದ ಪ್ರಜೆಗಳನ್ನು ಬಳಲಿಸಿದನು; ಅನ್ಯದೇವತೆಗಳಿಗೂ ಎಡೆಗೊಟ್ಟನು. ಅವನ ಕಾಲದಲ್ಲಿಯೇ ಶೀಲೋ ಊರಿನ ಪ್ರವಾದಿ ಅಹೀಯನು ಯಾರೊಬ್ಬಾಮನೆಂಬ ಅಧಿಕಾರಿಯನ್ನು ದಾರಿಯಲ್ಲಿ ಕಂಡು, ಹೊಸ ಹೊದಿಕೆಯೊಂದನ್ನು ೧೨ ತುಂಡುಗಳಾಗಿ ಹರಿದು, ೧೦ನ್ನು ಅವನ ಕೈಗಿತ್ತನು. ಹತ್ತು ಕುಲಗಳು ಅವನ ಪಾಲಾಗುವುವು. ಆದರೆ ದಾವೀದನ ನಿಮಿತ್ತ ಯೆರೂಸಲೇಮಿನಲ್ಲಿ ಒಂದು ದೀಪವು ಉಳಿಯುವುದು. ಕ್ರಿ.ಪೂ. ೯೩೦ರ ಸುಮಾರಿನಲ್ಲಿ ಸೊಲೊಮೋನನು ತೀರಿಕೊಂಡನು. ಅವನ ಮಗ ರೆಹಬ್ಬಾಮನು ಶೆಕೆಮಿನಲ್ಲಿ ಹಿರಿಯರ ಬುದ್ಧಿವಾದವನ್ನು ತಳ್ಳಿ, ಪ್ರಜೆಗಳ ನೊಗವನ್ನು ಇನ್ನೂ ಭಾರಮಾಡುವುದಾಗಿ ಸಾರಿದನು. ಉತ್ತರದಲ್ಲಿ ಇಸ್ರಾಯೇಲ್, ದಕ್ಷಿಣದಲ್ಲಿ ಯೆಹೂದ ಎಂದು ರಾಜ್ಯವು ಎರಡಾಯಿತು.

ದೀಪವೆಂಬ ಮಾತನ್ನು ನಾವು ಗಮನಿಸಬೇಕು. ಸಂತತಿ ನಿಂತುಹೋದ ಮನೆಯನ್ನು ದೀಪ ಹಚ್ಚುವವರಿಲ್ಲದ ಮನೆಯೆಂದು ನಮ್ಮವರೂ ಹೇಳುವುದುಂಟಷ್ಟೆ. ಸೂರ್ಯನಂತೆ ಬೆಳಗುವ ಸಾಮ್ರಾಜ್ಯವನ್ನು ಇಲ್ಲಿ ಹೇಳಲಿಲ್ಲ. ಗಾಳಿಗೆ ಆರಿಹೋಗಬಹುದಾದ ದೀಪವನ್ನು ಹೇಳಿದರು. ಅದು ಆರುವ ಹೊತ್ತೂ ಬಂದಿತು. ಮಗನಾದ ಅಹಜ್ಯನು ಮಡಿದೊಡನೆ ರಾಜಮಾತೆ ಅತಲ್ಯಳು ರಾಜವಂಶವನ್ನೆಲ್ಲ ಕೊಲ್ಲಿಸತೊಡಗಿದಳು. ಅಹಜ್ಯನ ಸಹೋದರಿ ಯೆಹೋಷೆಬಳು ಯೋವಾಷನೆಂಬ ಕೂಸನ್ನು ದಾದಿಯೊಡನೆ ಮರೆಮಾಡಿದಳು. ಆರು ವರ್ಷ ಅವನು ದೇವಾಲಯದಲ್ಲಿ ಅಡಗಿ ಬೆಳೆದನು. ನಾತಾನನು ನುಡಿದ ಮಹಾವಾಗ್ದಾನವೆಲ್ಲವೂ ಒಂದು ಕೂಸಿನ ಉಸಿರನ್ನೂ ಒಬ್ಬ ಹೆಂಗಸಿನ ಧೈರ್ಯವನ್ನೂ ನಂಬಿ ನಿಂತಿತು.

ಯಾರೊಬ್ಬಾಮನಿಗೂ ಸ್ಥಿರವಾದ ಮನೆಯ ಮಾತು ದೊರೆತಿತ್ತು. ಆದರೆ ಅದು ಆಜ್ಞಾಪಾಲನೆಯ ನಿಬಂಧನೆಗೆ ಒಳಪಟ್ಟಿತ್ತು. ಉತ್ತರರಾಜ್ಯದಲ್ಲಿ ವಂಶದ ಮೇಲೆ ವಂಶವು ಉರುಳಿ, ಕ್ರಿ.ಪೂ. ೭೨೨ರ ಸುಮಾರಿನಲ್ಲಿ ಸಮಾರ್ಯವು ಅಶ್ಶೂರರ ವಶವಾಯಿತು. ಯೆಹೂದವು ಮತ್ತೂ ಸುಮಾರು ೧೩೫ ವರ್ಷ ಬಾಳಿತು. ಕಡೆಗೆ ಬಾಬೆಲಿನವರು ಯೆರೂಸಲೇಮನ್ನೂ ದೇವಾಲಯವನ್ನೂ ಸುಟ್ಟರು. ಕಡೆಯ ಅರಸ ಚಿದ್ಕೀಯನ ಕಣ್ಣೆದುರಿನಲ್ಲಿಯೇ ಅವನ ಮಕ್ಕಳನ್ನು ಕೊಂದು, ಆಮೇಲೆ ಆ ಕಣ್ಣುಗಳನ್ನೇ ಕಿತ್ತರು.

ಹಾಗಾದರೆ ಮಾತು ಸುಳ್ಳಾಯಿತೆ? ೮೯ನೆಯ ಕೀರ್ತನೆಯಲ್ಲಿ ಭಕ್ತನು ದೇವರನ್ನು ಈ ಪ್ರಶ್ನೆಯನ್ನೇ ಅಂಜದೆ ಕೇಳುವನು. ಪ್ರವಾದಿ ಯೆಹೆಜ್ಕೇಲನು ಸೆರೆಯ ನಾಡಿನಲ್ಲಿದ್ದುಕೊಂಡು, ಎರಡು ರಾಜ್ಯಗಳ ಹೆಸರು ಬರೆದ ಎರಡು ಕೋಲುಗಳನ್ನು ಒಂದಾಗಿ ಹಿಡಿದು ತೋರಿಸುವನು. ಅರಸುಗಳ ಚರಿತ್ರಕಾರನಾದರೋ ಯಾವ ವ್ಯಾಖ್ಯಾನವನ್ನೂ ಮಾಡದೆ ಒಂದು ಸಂಗತಿಯನ್ನು ಹೇಳಿ ಮುಗಿಸುವನು: ಸೆರೆಯ ೩೭ನೆಯ ವರ್ಷದಲ್ಲಿ ದಾವೀದವಂಶದ ಯೆಹೋಯಾಖೀನನು ಬಿಡುಗಡೆ ಹೊಂದಿ, ಬಾಬೆಲಿನ ಅರಸನ ಪಂಕ್ತಿಯಲ್ಲಿ ಉಂಡನು. ಆ ಯೆಹೋಯಾಖೀನನಿಗೂ ಅವನ ಮಕ್ಕಳಿಗೂ ಎಣ್ಣೆಯನ್ನು ಅಳೆದು ಕೊಟ್ಟ ಲೆಕ್ಕದ ಮಣ್ಣುಹಲಗೆಗಳು ಬಾಬೆಲಿನಲ್ಲಿ ದೊರೆತು, ೧೯೩೯ರಲ್ಲಿ ಪ್ರಕಟವಾದುವು.

ರಾಜ್ಯವಿಲ್ಲ, ಸಿಂಹಾಸನವಿಲ್ಲ, ಅನ್ಯರ ಮನೆಯಲ್ಲಿ ಉಣ್ಣುವ ಒಬ್ಬ ಮುದಿಸೆರೆಯಾಳು ಮಾತ್ರ ಉಳಿದಿರುವನು. ಆದರೂ ಚರಿತ್ರಕಾರನು ಸೋಲನ್ನು ಮುಚ್ಚಿಡಲಿಲ್ಲ. ಮಾತನ್ನು ಅಳಿಸಿಯೂ ಹಾಕಲಿಲ್ಲ. ಎರಡನ್ನೂ ಒಂದೇ ಗ್ರಂಥದಲ್ಲಿ ಉಳಿಸಿದನು. ವಾಗ್ದಾನವೆಂದರೆ ಕೇಡಿನಿಂದ ತಪ್ಪಿಸುವ ರಕ್ಷೆಯಲ್ಲ, ಕೇಡಿನ ನಡುವೆಯೂ ಕೈಬಿಡದ ಸಂಬಂಧವೆಂದು ಆ ಜನರು ಬಗೆದರೆಂಬುದನ್ನು ನಾವು ಇದರಿಂದ ತಿಳಿಯಬಹುದು.