ಮನೆಯ ಚಾರ್ಜರಿಗೆ ಸರ್ಕಾರದ ಸಹಾಯಧನ: ಒಂದು ಕ್ಷಮಾಯಾಚನೆ

(ಜೀಡಿಮೆಟ್ಲಾದಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳ ಕ್ಷಮಾವಾಣಿ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ದಶಲಕ್ಷಣ ಪರ್ವದ ಹತ್ತು ದಿನಗಳನ್ನು ಮುಗಿಸಿ ನಾವು ಕ್ಷಮಾವಾಣಿಗಾಗಿ ಸೇರಿದ್ದೇವೆ. ಪ್ರತಿ ವರ್ಷ ಈ ದಿನ ಒಬ್ಬರಿಗೊಬ್ಬರು ಕೈಮುಗಿದು, ತಿಳಿದೋ ತಿಳಿಯದೆಯೋ ತಪ್ಪು ನಡೆದಿದ್ದರೆ ಕ್ಷಮಿಸಿ ಎನ್ನುತ್ತೇವೆ. ಯಾವ ತಪ್ಪು ಎಂದು ಹೇಳುವ ರೂಢಿ ನಮ್ಮಲ್ಲಿ ಇಲ್ಲ. ಹೆಸರು ಹೇಳದೆ ಕೇಳುವ ಕ್ಷಮೆ ಬಹಳ ಸುಲಭವಾದದ್ದು. ಕಳೆದ ಕೆಲವು ವರ್ಷಗಳಿಂದ ಮೊಬೈಲಿನಲ್ಲಿ ಒಂದೇ ಚಿತ್ರವನ್ನು ಇನ್ನೂರು ಜನರಿಗೆ ಕಳುಹಿಸಿ ನಾನೂ ಆ ಕರ್ತವ್ಯವನ್ನು ಮುಗಿಸಿದ್ದೇನೆ. ಈ ಸಲ ನನ್ನ ತಪ್ಪುಗಳಿಗೆ ಹೆಸರಿದೆ. ಎರಡು ತಪ್ಪುಗಳು, ಎರಡೂ ವಿದ್ಯುತ್ ವಾಹನಗಳಿಗೆ ಸಂಬಂಧಿಸಿದವು. ಅಧ್ಯಕ್ಷರು ಧರ್ಮದ ವಿಷಯವಾಗಿ ಮಾತನಾಡಬೇಕೆಂದು ಕೇಳಿದ್ದರು. ನಾನು ಅದನ್ನೇ ಮಾಡುತ್ತಿದ್ದೇನೆಂದು ನಂಬಿದ್ದೇನೆ.

ಮೊದಲನೆಯದು ನಿಮ್ಮಲ್ಲಿ ಹಲವರಿಗೆ ಗೊತ್ತು. ಮನೆಯಲ್ಲಿ ಕಾರಿನ ಚಾರ್ಜರ್ ಅಳವಡಿಸಿಕೊಂಡರೆ ಕೇಂದ್ರ ಸರ್ಕಾರವು ಅರ್ಧ ವೆಚ್ಚವನ್ನು ಕೊಡುತ್ತದೆ, ನೋಂದಣಿಗೆ 1,500 ರೂಪಾಯಿ ಕಟ್ಟಿದರೆ ಸಾಕು ಎಂಬ ಸಂದೇಶ ನನಗೆ ಬಂದಿತು. ಅದರಲ್ಲಿ ಅಶೋಕ ಸ್ತಂಭದ ಚಿತ್ರವಿತ್ತು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು ನಾನು. ನಕಲಿ ಸಹಿಯನ್ನು ಮಾರುದೂರದಿಂದ ಗುರುತಿಸುತ್ತೇನೆಂಬ ಹೆಮ್ಮೆ ಬೇರೆ. ಆದರೂ ಹಣ ಕಟ್ಟಿದೆ. ಕಟ್ಟಿದ್ದಷ್ಟೇ ಆಗಿದ್ದರೆ ನಷ್ಟ ನನ್ನದು ಮಾತ್ರ. ನಮ್ಮ ಗುಂಪಿಗೂ ಅದನ್ನು ಕಳುಹಿಸಿ, 'ನಾನು ಪರಿಶೀಲಿಸಿದ್ದೇನೆ' ಎಂದು ಬರೆದೆ. ಪರಿಶೀಲಿಸಿರಲಿಲ್ಲ. ಆ ಎರಡು ಶಬ್ದಗಳನ್ನು ನಂಬಿ ಇಲ್ಲಿಯ ಐದು ಕುಟುಂಬಗಳು ಹಣ ಕಟ್ಟಿದವು. ಸತ್ಯಾಣುವ್ರತವನ್ನು ಕುರಿತು ಮಕ್ಕಳಿಗೆ ಪಾಠ ಹೇಳುವವನೂ ನಾನೇ ಎಂಬುದನ್ನು ನಮ್ಮ ಮನೆಯಾಕೆ ಆ ವಾರವೆಲ್ಲ ನೆನಪಿಸಿದರು.

ಹಣ ಹೋದ ಮೇಲೆ, ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆ. ಯೋಜನೆಗಳ ಅಧಿಸೂಚನೆಗಳನ್ನು ತೆರೆದು ಓದಿದೆ. ಅದರ ಸಾರವನ್ನು ನಿಮ್ಮ ಮುಂದಿಡುತ್ತೇನೆ, ಇನ್ನೊಬ್ಬರು ಮೋಸ ಹೋಗಬಾರದು.

2019ರ ಏಪ್ರಿಲ್‌ನಲ್ಲಿ ಆರಂಭವಾದ ಫೇಮ್ ಎರಡನೆಯ ಹಂತಕ್ಕೆ ಕೇಂದ್ರವು 10,000 ಕೋಟಿ ರೂಪಾಯಿಗಳನ್ನು ಮೀಸಲಿಟ್ಟಿತು. ಅದರಲ್ಲಿ ಚಾರ್ಜಿಂಗ್ ವ್ಯವಸ್ಥೆಗೆ ಇಟ್ಟ 1,000 ಕೋಟಿ ಸಾರ್ವಜನಿಕ ಕೇಂದ್ರಗಳಿಗಾಗಿ. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಪಿಎಂ ಇ-ಡ್ರೈವ್ ಯೋಜನೆಯ 10,900 ಕೋಟಿಯಲ್ಲಿ 2,000 ಕೋಟಿ ಚಾರ್ಜಿಂಗ್ ಕೇಂದ್ರಗಳಿಗೆ, ಅದೂ ಸಾರ್ವಜನಿಕವಾದವುಗಳಿಗೆ. ದ್ವಿಚಕ್ರ, ತ್ರಿಚಕ್ರ, ಬಸ್ಸು, ಲಾರಿ, ಆಂಬುಲೆನ್ಸುಗಳಿಗೆ ಅದರಲ್ಲಿ ಸ್ಥಾನ ಕೊಡಲಾಯಿತು. ನಮ್ಮ ನಿಮ್ಮ ಸ್ವಂತ ಕಾರಿಗೆ ಇಲ್ಲ. ಅದರ ಮನೆಯ ಚಾರ್ಜರಿಗಂತೂ ಇಲ್ಲವೇ ಇಲ್ಲ. ಪರೋಕ್ಷವಾದ ನೆರವೊಂದುಂಟು: 2019ರ ಆಗಸ್ಟ್ 1ರಿಂದ ವಿದ್ಯುತ್ ವಾಹನದ ಜಿಎಸ್‌ಟಿ ಶೇ. 12ರಿಂದ 5ಕ್ಕೂ, ಚಾರ್ಜರಿನದು ಶೇ. 18ರಿಂದ 5ಕ್ಕೂ ಇಳಿಯಿತು.

ತೆಲಂಗಾಣ ಸರ್ಕಾರದ ನೀತಿ 2020ರ ಅಕ್ಟೋಬರ್‌ನಲ್ಲಿ ಹೊರಬಂದಿತು. ಸ್ವಂತ ಕಾರುಗಳ ಪೈಕಿ ಮೊದಲ 5,000ಕ್ಕೆ ಮಾತ್ರ ಇದ್ದ ರಸ್ತೆ ತೆರಿಗೆ ಮತ್ತು ನೋಂದಣಿ ಶುಲ್ಕದ ವಿನಾಯಿತಿಯನ್ನು 2024ರ ನವೆಂಬರ್ 18ರಿಂದ ಮಿತಿಯಿಲ್ಲದೆ, 2026ರ ಡಿಸೆಂಬರ್ 31ರವರೆಗೆ ವಿಸ್ತರಿಸಲಾಯಿತು. ಹದಿನೈದು ಲಕ್ಷದ ಕಾರು ಕೊಂಡವರಿಗೆ ಇದರಿಂದ ಲಕ್ಷಕ್ಕೂ ಮೀರಿದ ತೆರಿಗೆ ಉಳಿಯಿತು. ಇಷ್ಟನ್ನು ಪಡೆದವರೇ ಗೋಡೆಯ ಮೇಲಿನ ಒಂದು ಪೆಟ್ಟಿಗೆಗೂ ಸರ್ಕಾರ ದುಡ್ಡು ಕೊಡಲೆಂದು ಕಾದು ಕುಳಿತೆವು. ಸಂದೇಶ ಕಳುಹಿಸಿದ ವಂಚಕನಿಗೆ ನಮ್ಮ ಈ ಸ್ವಭಾವ ನಮಗಿಂತ ಚೆನ್ನಾಗಿ ತಿಳಿದಿತ್ತು.

ಹಾಗಾದರೆ ಮನೆಯ ಚಾರ್ಜರಿಗೆ ಧನಸಹಾಯ ಎಲ್ಲಿಯೂ ಇಲ್ಲವೆ? ಇತ್ತು. 2020ರ ಆಗಸ್ಟ್‌ನಲ್ಲಿ ದೆಹಲಿ ಸರ್ಕಾರವು ಮೊದಲ 30,000 ನಿಧಾನಗತಿಯ ಚಾರ್ಜಿಂಗ್ ಬಿಂದುಗಳಿಗೆ ತಲಾ 6,000 ರೂಪಾಯಿವರೆಗೆ ಕೊಡುವುದಾಗಿ ಘೋಷಿಸಿತು. ಮನೆ, ಕಚೇರಿ, ಅಂಗಡಿ, ಯಾವುದಾದರೂ ಸರಿ. ಜರ್ಮನಿಯಲ್ಲಿ 2020ರ ನವೆಂಬರ್‌ನಿಂದ ಪ್ರತಿ ಬಿಂದುವಿಗೆ 900 ಯೂರೋ ಕೊಟ್ಟರು. ಅಲ್ಲಿಯೇ 2023ರ ಸೆಪ್ಟೆಂಬರ್‌ನಲ್ಲಿ ಸ್ವಂತ ಮನೆ ಮತ್ತು ವಿದ್ಯುತ್ ಕಾರು ಇದ್ದವರಿಗೆ ಸೌರ ಫಲಕ, ಬ್ಯಾಟರಿ, ಚಾರ್ಜರ್ ಮೂರಕ್ಕೂ ಸೇರಿಸಿ 10,200 ಯೂರೋವರೆಗೆ ಕೊಡುವ ಯೋಜನೆ ತೆರೆಯಿತು. 30 ಕೋಟಿ ಯೂರೋ ಒಂದೇ ದಿನದಲ್ಲಿ ಮುಗಿಯಿತು. ಮನೆಯೂ ಕಾರೂ ಇದ್ದವರು ಎಷ್ಟು ಚುರುಕಾಗಿ ಅರ್ಜಿ ತುಂಬುತ್ತಾರೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಬ್ರಿಟನ್ನಿನ ಕಥೆ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿತು. ಅಲ್ಲಿ ಮನೆಯ ಚಾರ್ಜರಿಗೆ 350 ಪೌಂಡುಗಳವರೆಗೆ ಕೊಡುತ್ತಿದ್ದರು. 2022ರ ಮಾರ್ಚ್ 31ಕ್ಕೆ ಅದನ್ನು ಒಂಟಿ ಮನೆಗಳ ಮಾಲೀಕರಿಗೆ ನಿಲ್ಲಿಸಿ, ಮರುದಿನದಿಂದಲೇ ಬಾಡಿಗೆದಾರರಿಗೂ ಫ್ಲ್ಯಾಟುಗಳಲ್ಲಿ ವಾಸಿಸುವವರಿಗೂ ಮೀಸಲಿಟ್ಟರು. ಸ್ವಂತ ಗೋಡೆ, ಸ್ವಂತ ಮೀಟರು, ಸ್ವಂತ ಅಂಗಳ ಇದ್ದವನು ತಾನಾಗಿ ಹಾಕಿಸಿಕೊಳ್ಳಬಲ್ಲ; ಗೋಡೆಯೇ ತನ್ನದಲ್ಲದವನಿಗೆ ತಾನೆ ನೆರವು ಬೇಕಾದದ್ದು?

ಈ ಮಾತು ನನ್ನನ್ನು ಎರಡನೆಯ ತಪ್ಪಿಗೆ ಕರೆತರುತ್ತದೆ.

ನಮ್ಮ ಕಟ್ಟಡದಲ್ಲಿ ಇಪ್ಪತ್ತನಾಲ್ಕು ಮನೆಗಳು. ನಾನು ಸಂಘದ ಖಜಾಂಚಿ. ನಾಲ್ಕನೆಯ ಮಹಡಿಯಲ್ಲಿ ಒಬ್ಬ ತೆಲುಗು ಹುಡುಗ ಬಾಡಿಗೆಗಿದ್ದ. ಹಗಲು ಇಲ್ಲಿಯ ಕೈಗಾರಿಕಾ ವಸಾಹತಿನ ಔಷಧ ಕಾರ್ಖಾನೆಯಲ್ಲಿ ಕೆಲಸ, ಸಂಜೆ ವಿದ್ಯುತ್ ಸ್ಕೂಟರಿನಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸ. ಸೆಲ್ಲಾರಿನಲ್ಲಿ ಒಂದು ಸಾಕೆಟ್ ಹಾಕಿಸಿಕೊಡಿ, ಪ್ರತ್ಯೇಕ ಸಬ್‌ಮೀಟರ್ ಇಡಿ, ಬಿಲ್ಲು ನಾನೇ ಕಟ್ಟುತ್ತೇನೆ ಎಂದು ಆತ ಕೇಳಿದ. ಸಂಘ ಒಪ್ಪಲಿಲ್ಲ. ಆತ ನಾಲ್ಕನೆಯ ಮಹಡಿಯಿಂದ ತಂತಿ ಇಳಿಬಿಟ್ಟು ರಾತ್ರಿ ಚಾರ್ಜ್ ಮಾಡತೊಡಗಿದ. ಮಳೆಗಾಲದಲ್ಲಿ ಅದು ಅಪಾಯಕಾರಿಯೇ, ನಿಜ. 2022ರ ಸೆಪ್ಟೆಂಬರ್‌ನಲ್ಲಿ ಸಿಕಂದರಾಬಾದಿನ ವಿದ್ಯುತ್ ಸ್ಕೂಟರ್ ಮಳಿಗೆಯಲ್ಲಿ ಹೊತ್ತಿದ ಬೆಂಕಿಗೆ ಮೇಲಿನ ಹೋಟೆಲಿನಲ್ಲಿದ್ದ ಎಂಟು ಜನ ತೀರಿಕೊಂಡದ್ದು ಎಲ್ಲರ ಮನಸ್ಸಿನಲ್ಲಿತ್ತು. ಆ ದುರಂತವನ್ನು ಉಲ್ಲೇಖಿಸಿ, ಕಟ್ಟಡದಲ್ಲಿ ದ್ವಿಚಕ್ರ ವಾಹನಗಳ ಚಾರ್ಜಿಂಗನ್ನು ನಿಷೇಧಿಸುವ ನಿರ್ಣಯವನ್ನು ಬರೆದವನು ನಾನೇ. ಭಾಷೆ ಬಹಳ ಚೆನ್ನಾಗಿತ್ತು, ಸಭೆಯಲ್ಲಿ ಮೆಚ್ಚಿದರು. ಎರಡು ತಿಂಗಳ ನಂತರ ಆತ ಮನೆ ಖಾಲಿ ಮಾಡಿದ. ಹೋಗುವಾಗ ಬಾಗಿಲಿಗೆ ಬಂದು, 'ಅಂಕುಲ್, ಹೋಗಿ ಬರುತ್ತೇನೆ' ಎಂದ.

ಅದೇ ಸಂಘದ ಮುಂದೆ, ಅದೇ ಸೆಲ್ಲಾರಿನಲ್ಲಿ ಏಳು ಕಾರುಗಳಿಗೆ ಚಾರ್ಜರ್ ಹಾಕಿಸುವ ಪ್ರಸ್ತಾಪವನ್ನು ಈ ವರ್ಷ ಇಟ್ಟವನೂ ನಾನೇ. ಬೆಂಕಿಯ ಭಯ ಆಗ ಯಾರ ಬಾಯಲ್ಲೂ ಬರಲಿಲ್ಲ. ಭಯ ನಿಜವಾಗಿದ್ದರೆ ಅದಕ್ಕೆ ಉಪಾಯ ಆಗಲೂ ಇತ್ತು: ಸರಿಯಾದ ಅರ್ಥಿಂಗ್, ಪ್ರತ್ಯೇಕ ಎಂಸಿಬಿ, 16 ಆಂಪಿಯರಿನ ಸಾಕೆಟ್, ಗಾಳಿಯಾಡುವ ಮೂಲೆ. ನಾವು ನಿಷೇಧಿಸಿದ್ದು ಬೆಂಕಿಯನ್ನಲ್ಲ, ಬಾಡಿಗೆದಾರನನ್ನು. ನಮ್ಮ ಶ್ರಾವಕಾಚಾರದಲ್ಲಿ ಅನರ್ಥದಂಡ ವಿರತಿ ಎಂಬ ವ್ರತವಿದೆ. ಪ್ರಯೋಜನವಿಲ್ಲದೆ ಇನ್ನೊಂದು ಜೀವಕ್ಕೆ ನೋವು ಕೊಡದಿರುವುದು. ಇರುವೆಗಳ ವಿಷಯದಲ್ಲಿ ಅದನ್ನು ನಾನು ಪಾಲಿಸುತ್ತೇನೆ.

ಇಲ್ಲಿ ಒಬ್ಬ ಸ್ನೇಹಿತರ ಪ್ರಶ್ನೆಗೆ ಉತ್ತರಿಸಬೇಕು. ವಿದ್ಯುತ್ ಕಾರು ಅಹಿಂಸೆಯ ವಾಹನ, ಹೊಗೆಯಿಲ್ಲ, ಆದುದರಿಂದ ಜೈನರು ಅದನ್ನು ಕೊಳ್ಳುವುದೇ ಧರ್ಮ, ಅದಕ್ಕೆ ಸರ್ಕಾರ ಸಹಾಯ ಕೇಳುವುದರಲ್ಲಿ ತಪ್ಪೇನು ಎಂದು ಅವರು ಕೇಳಿದರು. ಜೀಡಿಮೆಟ್ಲಾದಲ್ಲಿ ನಿಂತು ಹೊಗೆಯ ವಿರುದ್ಧ ವಾದಿಸುವುದು ನನ್ನಿಂದಾಗದು. ಈ ವಸಾಹತಿನ ಕಾರ್ಖಾನೆಗಳ ಕೊಳೆ ಕೂಕಟಪಲ್ಲಿ ನಾಲೆಯ ಮೂಲಕ ಹುಸೇನ್ ಸಾಗರವನ್ನು ಸೇರಿದ ಇತಿಹಾಸ ನಮಗೆಲ್ಲ ಗೊತ್ತು. ನಮ್ಮಲ್ಲಿ ಹಲವರ ಸಂಬಳ ಆ ಕಾರ್ಖಾನೆಗಳಿಂದಲೇ ಬರುತ್ತದೆ. ಬೀದಿಯ ಹೊಗೆ ಕಡಿಮೆಯಾಗುವುದು ಒಳ್ಳೆಯದೇ. ಆದರೆ ತೆಲಂಗಾಣದ ವಿದ್ಯುತ್ತಿನ ದೊಡ್ಡ ಭಾಗ ಕಲ್ಲಿದ್ದಲಿನಿಂದ ಬರುತ್ತದೆ. ಹೊಗೆ ನಮ್ಮ ಬಾಗಿಲಿನಿಂದ ರಾಮಗುಂಡದ ಕಡೆಗೆ ಸರಿದಿದೆ. ಆದುದರಿಂದ ಕಾರು ಕೊಂಡುದಕ್ಕೆ ವ್ರತ ಪಾಲಿಸಿದ ತೃಪ್ತಿಯನ್ನು ಪಡೆಯುವುದು ಬೇಡ. ಪರಿಗ್ರಹ ಪರಿಮಾಣದ ಲೆಕ್ಕದಲ್ಲಿ ಎರಡನೆಯ ಕಾರು ಎರಡನೆಯ ಕಾರೇ, ಅದು ಪೆಟ್ರೋಲಿನದಾಗಲಿ ವಿದ್ಯುತ್ತಿನದಾಗಲಿ.

ಇನ್ನು, ನಿಜವಾಗಿ ಸಿಗುವ ನೆರವು ಯಾವುದು ಎಂಬುದನ್ನು ಹೇಳುತ್ತೇನೆ. ಇದನ್ನು ಬೇರೆ ಊರುಗಳಲ್ಲಿರುವ ನಮ್ಮವರೂ ಗಮನಿಸಲಿ.

2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂಟಿ ಮನೆಗೆ 78,000 ರೂಪಾಯಿವರೆಗೆ ಸಿಗುತ್ತದೆಂಬುದು ಎಲ್ಲರಿಗೂ ತಿಳಿದಿದೆ. ಅದರಲ್ಲಿಯೇ ವಸತಿ ಸಂಘಗಳಿಗೆ, ವಾಹನ ಚಾರ್ಜಿಂಗ್ ಸೇರಿದಂತೆ ಸಾಮಾನ್ಯ ಸೌಲಭ್ಯಗಳಿಗಾಗಿ, ಪ್ರತಿ ಕಿಲೋವ್ಯಾಟಿಗೆ 18,000 ರೂಪಾಯಿ ಇದೆ; ಮನೆಯೊಂದಕ್ಕೆ 3 ಕಿಲೋವ್ಯಾಟಿನ ಲೆಕ್ಕದಲ್ಲಿ, ಗರಿಷ್ಠ 500 ಕಿಲೋವ್ಯಾಟ್. ನಮ್ಮ ತಾರಸಿಯಲ್ಲಿ 20 ಕಿಲೋವ್ಯಾಟ್ ಹಿಡಿಯಬಹುದು. ಅಂದರೆ 3,60,000 ರೂಪಾಯಿ ಸಹಾಯಧನ, ದಿನಕ್ಕೆ ಸುಮಾರು 80 ಯೂನಿಟ್ ವಿದ್ಯುತ್ತು. ನಾವು ಹುಡುಕುತ್ತಿದ್ದ ಸಹಾಯಧನ ಇದೇ ಆಗಿತ್ತು. ಒಬ್ಬೊಬ್ಬರ ಗೋಡೆಗೆ ಸಿಗದು, ಎಲ್ಲರೂ ಕೂಡಿದರೆ ಸಿಗುತ್ತದೆ. ನಮ್ಮ ಕಣ್ಣಿಗೆ ಬೀಳದೆ ಹೋದದ್ದೂ ಆ ಕಾರಣಕ್ಕೇ ಇರಬೇಕು.

ಎರಡನೆಯದು ಹಕ್ಕು. 2024ರ ಫೆಬ್ರವರಿ 22ರ ತಿದ್ದುಪಡಿಯಿಂದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಲ್ಲಿ ವಾಹನ ಚಾರ್ಜಿಂಗಿಗೆ ಪ್ರತ್ಯೇಕ ಸಂಪರ್ಕ ಪಡೆಯುವ ಅವಕಾಶ ಬಂದಿದೆ. ಮಹಾನಗರಗಳಲ್ಲಿ ಹೊಸ ಸಂಪರ್ಕವನ್ನು ಮೂರು ದಿನಗಳಲ್ಲಿ ಕೊಡಬೇಕು. ಇದು ಬರಿಯ ಕಾಗದದ ಮಾತಲ್ಲ. ಇಲ್ಲಿ ಗೃಹಬಳಕೆ 300 ಯೂನಿಟ್ ದಾಟಿದರೆ ಯೂನಿಟ್ಟಿಗೆ 9 ರೂಪಾಯಿ, 400 ದಾಟಿದರೆ ಇನ್ನೂ ಹೆಚ್ಚು. ವಾಹನದ ಸಂಪರ್ಕಕ್ಕಿರುವ ದರ 6 ರೂಪಾಯಿ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ ಕಾರಿಗೆ ಸುಮಾರು 150 ಯೂನಿಟ್ ಬೇಕು. ವರ್ಷಕ್ಕೆ ಐದು ಸಾವಿರದಷ್ಟು ವ್ಯತ್ಯಾಸ. ಪ್ರತ್ಯೇಕ ಸಂಪರ್ಕದ ನಿಗದಿತ ಶುಲ್ಕವನ್ನು ಅದರಲ್ಲಿ ಕಳೆಯಬೇಕು. ದೆಹಲಿಯವರು ಒಮ್ಮೆ ಕೊಟ್ಟ 6,000ದ ಹತ್ತಿರದ ಮೊತ್ತ, ಪ್ರತಿ ವರ್ಷ, ಯಾರ ಮುಂದೆಯೂ ಕೈಚಾಚದೆ.

ಹಾಗೆಂದು ಸರ್ಕಾರವನ್ನು ಕೇಳಬಾರದೆಂದು ನಾನು ಹೇಳುತ್ತಿಲ್ಲ. ಕೇಳಬೇಕು. ತೆಲಂಗಾಣವಾಗಲಿ ಕರ್ನಾಟಕವಾಗಲಿ ಬಾಡಿಗೆದಾರರಿಗೂ, ಹಳೆಯ ಫ್ಲ್ಯಾಟುಗಳವರಿಗೂ, ಆಟೋ ಓಡಿಸುವವರಿಗೂ ಅವರ ವಾಸಸ್ಥಳದಲ್ಲಿ ಚಾರ್ಜಿಂಗ್ ಬಿಂದು ಹಾಕಿಸಿಕೊಳ್ಳಲು ನೆರವು ಕೊಡಬೇಕು. ಕಾರಣವಿಲ್ಲದೆ ನಿರಾಕರಿಸುವ ನಮ್ಮಂಥ ಸಂಘಗಳಿಗೆ ಕಾಲಮಿತಿ ವಿಧಿಸಬೇಕು. ದ್ವಿಚಕ್ರ, ತ್ರಿಚಕ್ರಗಳಿಗೆ ಸಾಕಾಗುವ ಬಿಂದುವಿಗೆ ಕೆಲವೇ ಸಾವಿರ ರೂಪಾಯಿ ಸಾಕು. ನಮ್ಮ ಸಮಾಜದವರು ಶಾಸಕರ ಬಳಿ ಹೋಗುವಾಗ ಬಹುತೇಕ ಬಸದಿಯ ಜಾಗ, ಮೆರವಣಿಗೆಯ ಪರವಾನಗಿ, ಅಲ್ಪಸಂಖ್ಯಾತರ ವಿದ್ಯಾರ್ಥಿವೇತನ ಇವುಗಳಿಗಾಗಿ ಹೋಗುತ್ತೇವೆ. ನಮ್ಮದಲ್ಲದ ಬೇಡಿಕೆಯೊಂದನ್ನು ಹಿಡಿದು ಒಮ್ಮೆಯಾದರೂ ಹೋದದ್ದು ನನ್ನ ನೆನಪಿನಲ್ಲಿಲ್ಲ.

ಕರೀಂನಗರದ ಬಳಿಯ ಕುರಿಕ್ಯಾಲಕ್ಕೆ ನಿಮ್ಮಲ್ಲಿ ಕೆಲವರು ಹೋಗಿದ್ದೀರಿ. ಅಲ್ಲಿಯ ಬೊಮ್ಮಲಗುಟ್ಟದ ಬಂಡೆಯ ಮೇಲೆ ಆದಿಕವಿ ಪಂಪನ ತಮ್ಮ ಜಿನವಲ್ಲಭ ಹತ್ತನೆಯ ಶತಮಾನದಲ್ಲಿ ಕೆತ್ತಿಸಿದ ಶಾಸನವಿದೆ; ಕನ್ನಡ, ಸಂಸ್ಕೃತ, ತೆಲುಗು ಮೂರೂ ಭಾಷೆಗಳಲ್ಲಿ. ಚಕ್ರೇಶ್ವರಿಯ ಮೂರ್ತಿಯ ಕೆಳಗೆ ನಿಂತು ಚಿತ್ರ ತೆಗೆಸಿಕೊಂಡು ಬರುತ್ತೇವೆ, ಕನ್ನಡಿಗರು ಇಲ್ಲಿಗೆ ಎಂದೋ ಬಂದಿದ್ದರೆಂದು ಹೆಮ್ಮೆಪಡುತ್ತೇವೆ. ಆತ ಬಸದಿಯನ್ನಷ್ಟೇ ಕಟ್ಟಿಸಲಿಲ್ಲ. ಅಣ್ಣನ ಬಿರುದನ್ನೇ ಹೆಸರಾಗಿಟ್ಟು ಕವಿತಾಗುಣಾರ್ಣವ ಎಂಬ ಕೆರೆಯನ್ನೂ, ಒಂದು ತೋಟವನ್ನೂ ಮಾಡಿಸಿದನೆಂದು ಶಾಸನ ಹೇಳುತ್ತದೆ. ಆ ಕೆರೆಯ ನೀರನ್ನು ಬಸದಿಗೆ ಬಂದವರಷ್ಟೇ ಕುಡಿದರೆಂದು ನಾನು ನಂಬಲಾರೆ. ನಮ್ಮಲ್ಲಿ ಕಲಶಗಳ ಹರಾಜಿನಲ್ಲಿ ಒಂದು ಬೆಳಗಿಗೆ ಕೂಗುವ ಮೊತ್ತದಲ್ಲಿ ಒಂದು ಬೀದಿಗಾಗುವಷ್ಟು ಚಾರ್ಜಿಂಗ್ ಬಿಂದುಗಳಾಗುತ್ತವೆ. ಹರಾಜು ಬೇಡವೆಂದರೆ ನೀವು ಕೇಳುವುದಿಲ್ಲ, ಅದು ನನಗೆ ಗೊತ್ತು. ಕೊನೆಯ ಒಂದು ಕಲಶದ ಹಣವನ್ನಾದರೂ ಹೀಗೆ ಬಳಸೋಣವೆಂದು ಕೇಳುತ್ತಿದ್ದೇನೆ.

ನಮ್ಮ ಕಟ್ಟಡದ ಸಂಘದ ಸಭೆ ಬರುವ ಭಾನುವಾರ. ಹಳೆಯ ನಿರ್ಣಯವನ್ನು ಹಿಂತೆಗೆದುಕೊಳ್ಳುವ ಸೂಚನೆಯನ್ನು ನಾನೇ ಬರೆದಿದ್ದೇನೆ. ಸೆಲ್ಲಾರಿನಲ್ಲಿ ಮೊದಲು ನಾಲ್ಕು ದ್ವಿಚಕ್ರ ಬಿಂದುಗಳು, ಸಬ್‌ಮೀಟರ್ ಸಹಿತ, ಬಾಡಿಗೆದಾರರಿಗೂ ಮುಕ್ತ. ಆಮೇಲೆ ಕಾರುಗಳ ಮಾತು. ಗೆಲ್ಲುವೆನೋ ಇಲ್ಲವೋ ತಿಳಿಯದು, ಎಣಿಸಿದರೆ ಸದ್ಯಕ್ಕೆ ಹತ್ತು ಮತಗಳಿವೆ. ಆ ಹುಡುಗ ಈಗ ಶಾಪೂರನಗರದ ಕಡೆ ಇದ್ದಾನೆಂದು ಕೇಳಿದೆ. ಕ್ಷಮಾವಾಣಿಯ ಚಿತ್ರವನ್ನು ಅವನಿಗೆ ಕಳುಹಿಸುವುದಿಲ್ಲ, ಹೋಗಿ ಬರುತ್ತೇನೆ.

ನೋಂದಣಿಗೆಂದು ಹಣ ಕಟ್ಟಿದ ಐದು ಕುಟುಂಬಗಳ 1,500 ರೂಪಾಯಿಗಳು ಐದು ಲಕೋಟೆಗಳಲ್ಲಿ ಬಾಗಿಲ ಬಳಿಯ ಮೇಜಿನ ಮೇಲಿವೆ. ಬೇಡವೆನ್ನದೆ ತೆಗೆದುಕೊಳ್ಳಿರಿ, ನನ್ನ ಮೇಲಿನ ವಿಶ್ವಾಸದಿಂದ ಕಟ್ಟಿದ ಹಣವದು. ಸೂರ್ಯಾಸ್ತಕ್ಕೆ ಇನ್ನು ಐವತ್ತು ನಿಮಿಷಗಳಿವೆ, ಒಳಗೆ ಎಲೆ ಹಾಕಿದ್ದಾರೆ. ಎಲ್ಲರೂ ಊಟಕ್ಕೆ ಏಳಬೇಕು.