ಯಾವ ಭಾಗ, ಯಾವ ಕಾಲ

ಔಷಧೀಯ ಗಿಡದ ಹೆಸರನ್ನಷ್ಟೇ ಅರಿಯುವುದು ಅರೆ ಅರಿವು. ಕೀಟಗಳನ್ನು ತಡೆಯುವ ಅಜಾಡಿರಾಕ್ಟಿನ್ ಬೇವಿನ ಬೀಜದಲ್ಲಿ ಹೇರಳ, ಎಲೆಯಲ್ಲಿ ಅತ್ಯಲ್ಪ. ನೆಲಬೇವಿನ ಎಲೆಯ ಕಹಿಸತ್ವವು ಹೂಬಿಡುವ ಹೊತ್ತಿಗೆ ಹೆಚ್ಚುತ್ತದೆ, ಬೀಜ ಬಲಿತ ಮೇಲೆ ಇಳಿಯುತ್ತದೆ. ರಕ್ತದೊತ್ತಡವನ್ನು ತಗ್ಗಿಸುವ ರಿಸರ್ಪಿನ್ ಸರ್ಪಗಂಧಿಯ ಬೇರಿನ ತೊಗಟೆಯಲ್ಲಿ ಸಾಂದ್ರವಾಗಿದೆ. ಬೇರಿಗಾಗಿ ಗಿಡವನ್ನೇ ಕಿತ್ತುದರಿಂದ ಅದು ಕಾಡಿನಲ್ಲಿ ವಿರಳವಾಗಿದೆ.

ಬೇರನ್ನು ಬೇಸಗೆಯಲ್ಲಿ ಇಲ್ಲವೆ ಶಿಶಿರದಲ್ಲಿ, ತೊಗಟೆಯನ್ನು ಶರದೃತುವಿನಲ್ಲಿ ಸಂಗ್ರಹಿಸಬೇಕೆಂದು ಚರಕಸಂಹಿತೆ ವಿಧಿಸುತ್ತದೆ. ಗಡಿಯಾಚೆಯ ಹಳ್ಳಿಗಳ ಹಿರಿಯರಲ್ಲಿ ಇಂತಹ ತಿಳಿವಳಿಕೆ ಕನ್ನಡದ ಮಾತಿನಲ್ಲಿಯೇ ಉಳಿದಿದೆ. ಮಾತು ಮರೆತರೆ ಅದೂ ಮರೆಯಾಗುವುದು. ಆದುದರಿಂದ ಮಕ್ಕಳು ‘ಯಾವ ಗಿಡ’ ಎಂಬುದರೊಡನೆ ‘ಯಾವ ಭಾಗ, ಯಾವ ತಿಂಗಳು’ ಎಂದೂ ಹಿರಿಯರನ್ನು ಕೇಳಿ ಬರೆದು ತರಲಿ. ರುಚಿ ನೋಡುವುದು ಮಾತ್ರ ಬೇಡ.