ಋತುಬಂಧ ಕಾಲದ ಮೈಬಿಸಿ: ಗುರುತಿಸುವ ಬಗೆ ಮತ್ತು ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಆರೋಗ್ಯ ಉಪನ್ಯಾಸದ ಪಠ್ಯ)



ಗರ್ಭಿಣಿ, ಬಾಣಂತಿ ಹಾಗೂ ಶಿಶುಗಳ ಆರೋಗ್ಯದ ವಿಷಯ ಪಂಚಾಯಿತಿ ಸಭೆಗಳಲ್ಲಿ ಆಗಾಗ್ಗೆ ಚರ್ಚೆಗೆ ಬರುತ್ತದೆ. ಹೆರಿಗೆಯ ವಯಸ್ಸು ದಾಟಿದ ಮಹಿಳೆಯ ತೊಂದರೆಗಳು ಮಾತ್ರ ಸಭೆಯ ನಡವಳಿಯಲ್ಲಿ ವಿರಳ. ಸಂಕೋಚದಿಂದ ಮನೆಯಲ್ಲಿಯೂ ಹೇಳಿಕೊಳ್ಳದ ಅಂತಹ ತೊಂದರೆಗಳಲ್ಲೊಂದು, ಮುಟ್ಟು ನಿಲ್ಲುವ ಕಾಲದಲ್ಲಿ ಇದ್ದಕ್ಕಿದ್ದಂತೆ ಮೈ ಬಿಸಿಯೇರುವುದು. ವೈದ್ಯರು ಇದನ್ನು ಹಾಟ್ ಫ್ಲಶ್ ಎನ್ನುತ್ತಾರೆ.

ಬೇರೆ ಕಾರಣವಿಲ್ಲದೆ ಸತತ 12 ತಿಂಗಳು ಮುಟ್ಟು ಬಾರದಿದ್ದರೆ ಋತುಬಂಧವಾಯಿತೆಂದು ತಿಳಿಯಬೇಕು. ಭಾರತೀಯ ಮಹಿಳೆಯರಲ್ಲಿ ಇದು ಬಹುಪಾಲು 45ರಿಂದ 50ರ ವಯಸ್ಸಿನೊಳಗೆ ಆಗುತ್ತದೆ. ಮುಟ್ಟು ಏರುಪೇರಾಗುತ್ತಿರುವಾಗಲೇ ಮೈಬಿಸಿ ಆರಂಭವಾಗಬಹುದು. ಮುಟ್ಟು ನಿಂತ ಬಳಿಕವೂ ಕೆಲವು ವರ್ಷ ಮುಂದುವರಿಯಬಹುದು. ಈಸ್ಟ್ರೋಜನ್ ಹಾರ್ಮೋನು ಕುಗ್ಗಿದಾಗ ದೇಹದ ಶಾಖವನ್ನು ನಿಯಂತ್ರಿಸುವ ಮೆದುಳಿನ ಭಾಗವು ಅಲ್ಪ ಬಿಸಿಯನ್ನೂ ಅತಿಯೆಂದು ಭಾವಿಸಿ, ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರಿಸುತ್ತದೆ.

ಗುರುತಿಸುವುದು ಕಷ್ಟವಲ್ಲ. ಎದೆ, ಕತ್ತು, ಮುಖಗಳಲ್ಲಿ ಹಠಾತ್ತನೆ ಝಳ ಹೊಡೆದಂತಾಗುತ್ತದೆ, ಬೆವರು ಸುರಿಯುತ್ತದೆ, ಎದೆ ಬಡಿತ ಹೆಚ್ಚುತ್ತದೆ. ಕೆಲವೇ ನಿಮಿಷಗಳಲ್ಲಿ ಅದು ಇಳಿದು, ಅನೇಕರಿಗೆ ಚಳಿಯೆನಿಸುತ್ತದೆ. ಥರ್ಮಾಮೀಟರಿನಲ್ಲಿ ಜ್ವರ ಕಾಣುವುದಿಲ್ಲ. ರಾತ್ರಿ ಹೀಗಾದರೆ ನಿದ್ದೆಗೆಟ್ಟು, ಮರುದಿನ ಆಯಾಸ ಹಾಗೂ ಸಿಡುಕು ಉಂಟಾಗುತ್ತದೆ. ಇದನ್ನು ಮನೆಯವರು ಸ್ವಭಾವದೋಷವೆಂದು ಎಣಿಸಬಾರದು.

ಆದರೆ ಬೆವರಿದ್ದೆಲ್ಲವೂ ಋತುಬಂಧವಲ್ಲ. ರಾತ್ರಿ ಬೆವರಿನೊಂದಿಗೆ ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ ಅಥವಾ ತೂಕ ಇಳಿಕೆ ಇದ್ದರೆ ಕ್ಷಯರೋಗದ ಪರೀಕ್ಷೆ ಆಗಲೇಬೇಕು. ಥೈರಾಯ್ಡ್ ತೊಂದರೆಯಲ್ಲಿಯೂ ಬೆವರು, ಎದೆಬಡಿತ ಕಾಣಿಸಿಕೊಳ್ಳುತ್ತವೆ. ಎದೆನೋವು, ಉಸಿರಾಟದ ತೊಂದರೆಯೊಡನೆ ಬೆವರಿದರೆ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. 40 ವರ್ಷಕ್ಕೆ ಮೊದಲೇ ಮುಟ್ಟು ನಿಂತರೆ, ಅಥವಾ ಋತುಬಂಧದ ನಂತರ ಮತ್ತೆ ಒಂದೇ ಒಂದು ಬಾರಿ ರಕ್ತ ಕಾಣಿಸಿದರೂ, ವೈದ್ಯರ ತಪಾಸಣೆ ಅವಶ್ಯ.

ಸಡಿಲವಾದ ಹತ್ತಿಯ ಉಡುಪು, ಗಾಳಿಯಾಡುವ ಮಲಗುವ ಸ್ಥಳ, ಕಾಫಿ, ಚಹ ಹಾಗೂ ಖಾರದಲ್ಲಿ ಮಿತಿ, ತಂಬಾಕಿನ ತ್ಯಾಗ ಇವು ಹಲವರಿಗೆ ಉಪಶಮನ ನೀಡುತ್ತವೆ. ತೊಂದರೆ ತೀವ್ರವಾಗಿದ್ದರೆ ಹಾರ್ಮೋನು ಸಹಿತ ಹಾಗೂ ಹಾರ್ಮೋನು ರಹಿತ ಔಷಧಿಗಳಿವೆ. ಸ್ತನ ಕ್ಯಾನ್ಸರ್ ಅಥವಾ ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಹಾರ್ಮೋನು ಸಾಮಾನ್ಯವಾಗಿ ಸಲ್ಲದು. ಆದ್ದರಿಂದ ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ಮಾತ್ರೆ ಕೊಳ್ಳಬಾರದು.

ಇನ್ನೊಂದು ಎಚ್ಚರಿಕೆ ಅತಿ ಮುಖ್ಯ. ಮೈಬಿಸಿಗೆ ಗರ್ಭಕೋಶ ತೆಗೆಸುವುದು ಚಿಕಿತ್ಸೆಯಲ್ಲ. ಋತುಬಂಧಕ್ಕೆ ಮುನ್ನ ಗರ್ಭಕೋಶದೊಂದಿಗೆ ಎರಡೂ ಅಂಡಾಶಯಗಳನ್ನು ತೆಗೆದರೆ, ಋತುಬಂಧವು ಹಠಾತ್ತನೆ ಎದುರಾಗಿ ಮೈಬಿಸಿ ಇನ್ನಷ್ಟು ತೀವ್ರವಾಗುತ್ತದೆ. ಮೂಳೆಗಳೂ ಬೇಗ ಸವೆಯುತ್ತವೆ. ಸಾಲ ಮಾಡಿ ಶಸ್ತ್ರಚಿಕಿತ್ಸೆಗೆ ಹೊರಟ ಕುಟುಂಬಕ್ಕೆ, ಮೊದಲು ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ತಜ್ಞರ ಅಭಿಪ್ರಾಯ ಪಡೆಯುವಂತೆ ಸದಸ್ಯರು ತಿಳಿಹೇಳಬೇಕು.

ಪಂಚಾಯಿತಿಯಿಂದ ಆಗಬೇಕಾದ ಕಾರ್ಯಗಳು ದೊಡ್ಡ ಅನುದಾನವನ್ನು ಬೇಡುವುದಿಲ್ಲ. ಮಹಿಳಾ ಗ್ರಾಮಸಭೆಯಲ್ಲಿ ಈ ವಿಷಯಕ್ಕೆ ಅವಕಾಶ ನೀಡಿ, ಆಶಾ ಕಾರ್ಯಕರ್ತೆಯರು ಹಾಗೂ ಆರೋಗ್ಯ ಸಿಬ್ಬಂದಿಯಿಂದ ಮಾಹಿತಿ ಕೊಡಿಸಬಹುದು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಚರ್ಚಿಸಬಹುದು. 30 ವರ್ಷ ಮೇಲ್ಪಟ್ಟವರಿಗೆ ನಡೆಯುವ ರಕ್ತದೊತ್ತಡ, ಮಧುಮೇಹ ಹಾಗೂ ಕ್ಯಾನ್ಸರ್ ತಪಾಸಣೆಗೆ ಈ ವಯಸ್ಸಿನ ಮಹಿಳೆಯರನ್ನು ಕರೆತರಬಹುದು. ಕಾಮಗಾರಿ ಸ್ಥಳದಲ್ಲಿ ನೆರಳು, ಕುಡಿಯುವ ನೀರು ಇರುವುದನ್ನು ಖಚಿತಪಡಿಸಿಕೊಂಡು, ಝಳ ಬಂದಾಗ ಕ್ಷಣಕಾಲ ಕುಳಿತ ಮಹಿಳೆಯನ್ನು ಮೈಗಳ್ಳಿಯೆಂದು ಜರೆಯದಂತೆ ಮೇಟಿಗಳಿಗೆ ಸೂಚಿಸಬಹುದು.

ಪುರುಷ ಸದಸ್ಯರೂ ಈ ಮಾಹಿತಿಯನ್ನು ತಮ್ಮ ವಾರ್ಡಿನ ಮನೆಗಳಿಗೆ ತಲುಪಿಸಬೇಕು. ತೊಂದರೆಯ ಹೆಸರು ತಿಳಿದ ಮನೆಯಲ್ಲಿ ಅದನ್ನು ಹೇಳಿಕೊಳ್ಳುವುದು ಮಹಿಳೆಗೆ ಸುಲಭವಾಗುತ್ತದೆ.